ನೊರೆ ಬಂದ ಭರಣಿ

ಹನ್ನೆರಡನೆಯ ಗುಳಿಯನ್ನು ತುಂಬಿಸಿ ಮುಗಿಸಿದ ಸುಗಂಧಿ, ಪಿಪೆಟ್ಟಿನ ತುದಿಯನ್ನು ಕಿತ್ತು ಡಬ್ಬಿಗೆ ಹಾಕಿ, ಹೊಸ ತುದಿ ಸಿಕ್ಕಿಸಿ, ಒಂದು ಗಳಿಗೆ ಕೈ ತಡೆದಳು. ಜೆಲ್ಲಿನ ತೆಳ್ಳಗಿನ ಹಾಳೆಯಲ್ಲಿ ಹದಿಮೂರನೆಯ ಗುಳಿ ಖಾಲಿಯಿತ್ತು. ಏಳು ವರ್ಷದಿಂದ ಅದು ಖಾಲಿಯೇ. ಹನ್ನೆರಡು ಮನೆಗಳ ಭರಣಿಗೆ ಹನ್ನೆರಡು ಗುಳಿ, ಕೊನೆಯದರಲ್ಲಿ ಅಳತೆಯ ಗುರುತು, ನಡುವಿನದೊಂದನ್ನು ಅಂತರ ಇರಲಿ ಎಂದು ಅವಳು ಬಿಡುತ್ತಿದ್ದಳು. ಇವತ್ತು ಮಾತ್ರ, ಊಟದ ಡಬ್ಬಿಯ ಪಕ್ಕದಲ್ಲಿ ಬಟ್ಟೆ ಸುತ್ತಿ ಮನೆಯಿಂದ ತಂದಿದ್ದ ಪುಟ್ಟ ಸೀಸೆಯ ಯೀಸ್ಟನ್ನು ಒಡೆದು ತೆಗೆದ ರಸವನ್ನು ಅದರೊಳಗೆ ಇಳಿಸಿದಳು. ಕೈ ನಡುಗಲಿಲ್ಲ. ಅವಳ ಕೈ ನಡುಗುವ ಕೈಯಲ್ಲ. ನಡುಕದ ರಕ್ತ ಅವಳದ್ದಲ್ಲ, ಅವಳ ಗಂಡನದ್ದು. ಈಗ ಮಗಳದ್ದು.

ಎಡಗೈಯ ಗ್ಲೌಸಿನ ಒಳಗೆ ಮೆಹಂದಿ ಹಾಗೆಯೇ ಇತ್ತು. ನಿನ್ನೆ ಭಾನುವಾರ, ಮದುವೆ ಮನೆಗಳಲ್ಲಿ ಮೆಹಂದಿ ಹಾಕುವ ಮಗಳು ಪ್ರತೀಕ್ಷಾ ಹೊಸ ಚಿತ್ತಾರವೊಂದನ್ನು ಅಮ್ಮನ ಅಂಗೈಯಲ್ಲಿ ಬಿಡಿಸಿ ನೋಡಿದ್ದಳು. ನವಿಲಿನ ಕೊರಳು ಒಂದೇ ಎಳೆಯಲ್ಲಿ ಇಳಿದು ಬರಬೇಕು. ಅರ್ಧಕ್ಕೆ ಬಂದಾಗ ಗೆರೆ ಸಣ್ಣಗೆ ಅಲುಗಿ ಅಲೆಯಲೆಯಾಯಿತು. "ಕೋನ್ ಸರಿ ಇಲ್ಲ ಅಮ್ಮ, ತೂತು ದೊಡ್ಡದಾಗಿದೆ," ಎಂದು ಅವಳು ನಕ್ಕಳು. ಹೊಸ ಕೋನ್ ತಂದಳು. ಬಾಲದ ಗೆರೆಯೂ ಅಲುಗಿತು. ಪ್ರತೀಕ್ಷಾ ಕೋನ್ ಕೆಳಗಿಟ್ಟಳು.

ಜೆಲ್ಲಿಗೆ ಕರೆಂಟು ಕೊಟ್ಟು ಸುಗಂಧಿ ಕಿಟಕಿಗೆ ಬಂದಳು. ಹೊರಗಿನ ಬೆಂಚಿನ ಮೇಲೆ ಭರಣಿ ಹಿಡಿದ ಹೆಂಗಸರ ಸಾಲು ಕೂತಿತ್ತು.

"ಹೋಯ್ ಸುಗಂಧಿಯಕ್ಕ, ನಮ್ಮದು ಪಾಸಾ ಫೇಲಾ?" ಮೀನು ಮಾರುವ ಕುಸುಮಕ್ಕ ಅಲ್ಲಿಂದಲೇ ಕೂಗಿದಳು. "ನಮ್ಮ ಹುಡುಗ ಶಾಲೆಯಲ್ಲಿ ಹೇಗೂ ಪಾಸಾಗ್ಲಿಲ್ಲ, ಅವನ ಭರಣಿಯಾದ್ರೂ ಆಗ್ಲಿ ಮಾರಾಯ್ತಿ."

"ಮಧ್ಯಾಹ್ನ ಆಗ್ತದೆ ಕುಸುಮಕ್ಕ. ಚಹಾ ಕುಡಿದು ಬನ್ನಿ."

"ಚಹಾ ನೀನು ಕುಡಿಸ್ತೀಯಾ?"

ಎಲ್ಲರೂ ನಕ್ಕರು. ಸುಗಂಧಿಯೂ ನಕ್ಕಳು. ಒಳಗೆ ಬಂದು ಗಡಿಯಾರ ನೋಡಿದಳು.

ಆ ಕರಾವಳಿಯ ಮುನ್ನೂರು ಚಿಲ್ಲರೆ ಮನೆಗಳಲ್ಲಿ ಹರಿದು ಬಂದಿದ್ದ ರೋಗಕ್ಕೆ ಡಾಕ್ಟರರ ಬಾಯಲ್ಲಿ ಉದ್ದದ ಹೆಸರಿತ್ತು. ಜನ ಬೆರಳುನಡುಕ ಎನ್ನುತ್ತಿದ್ದರು. ಇಪ್ಪತ್ತೈದರ ಆಚೀಚೆ ಬೆರಳಿನ ತುದಿಯಲ್ಲಿ ಶುರುವಾಗುತ್ತದೆ. ಚಹಾದ ಲೋಟ ತಟ್ಟೆಯ ಮೇಲೆ ಕಟಕಟ ಎನ್ನುತ್ತದೆ. ಆಮೇಲೆ ನಡಿಗೆ, ಮಾತು, ಕೊನೆಗೆ ನುಂಗುವುದು. ಒಂದೇ ಒಂದು ಜೀನಿನ ಬರಹ ತಪ್ಪಿ, ದೇಹದ ಕೋಶಗಳು ಆ ತಪ್ಪನ್ನೇ ಓದಿ ಓದಿ ವಿಷದಂಥ ಪ್ರೋಟೀನು ಕಟ್ಟುತ್ತ ಹೋಗುತ್ತವೆ. ಸುಗಂಧಿಯ ಮಾವ ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು, ಒಂದು ದಿನ ಅರ್ಧ ಮರದಲ್ಲಿ ಕೈ ನಡುಗಿ ಕೆಳಗೆ ಬಿದ್ದರು. ಗಂಡ ದಾಮೋದರ ಮೂವತ್ತೊಂಬತ್ತಕ್ಕೆ ಹೋದ. ಕೊನೆಯ ಒಂದು ವರ್ಷ ಅವನ ಬಾಯಿಗೆ ಗಂಜಿ ಹಾಕಿದ್ದು ಅವನ ತಾಯಿ ಅಪ್ಪಿ ಪೂಜಾರ್ತಿ. ನಡುಗುವ ದವಡೆಗೆ ಎಲ್ಲಿ ಬೆರಳು ಒತ್ತಿ ಹಿಡಿದರೆ ತುತ್ತು ಇಳಿಯುತ್ತದೆ ಎಂಬುದು ಆ ಮನೆಯಲ್ಲಿ ಅವರೊಬ್ಬರಿಗೇ ಗೊತ್ತಿದ್ದದ್ದು.

ದಾಮೋದರ ಹೋದ ಎರಡು ವರ್ಷಕ್ಕೆ ಔಷಧಿ ಬಂತು. ಅದು ಗುಳಿಗೆಯಾಗಿರಲಿಲ್ಲ, ಯೀಸ್ಟಾಗಿತ್ತು.

ಕೋಶದ ಒಳಗೆ ಆರ್‌ಎನ್‌ಎ ಎಂದರೆ ಹೆಚ್ಚಾಗಿ ಒಂದು ಓಲೆ, ಇಂಥ ಪ್ರೋಟೀನು ಕಟ್ಟು ಎಂದು ಹೇಳುವಂಥದ್ದು. ಆದರೆ ಏನನ್ನೂ ಕಟ್ಟೆನ್ನದ ಪುಟ್ಟ ಆರ್‌ಎನ್‌ಎಗಳೂ ಇವೆ. ತನಗೆ ಹೊಂದುವ ಓಲೆಯೊಂದನ್ನು ಹುಡುಕಿ, ಅದು ಓದಿಗೆ ಸಿಗದಂತೆ ಮಾಡುವುದೇ ಅವುಗಳ ಕೆಲಸ. ಯೀಸ್ಟ್ ಕೇಂದ್ರದವರು ಆರಿಸಿದ್ದು ಒಂದು ಕಾಡು ಯೀಸ್ಟು. ಜೋಡಿ ಎಳೆಯ ಉದ್ದದ ಆರ್‌ಎನ್‌ಎ ಎಲ್ಲಿ ಕಂಡರೂ ಅಳೆದಂತೆ ಇಪ್ಪತ್ತಮೂರು ಅಕ್ಷರದ ತುಂಡುಗಳಾಗಿ ಕೊಚ್ಚುವ ಕಿಣ್ವ ಅದರಲ್ಲಿತ್ತು. ಕೇಂದ್ರದಲ್ಲಿ ಎಲ್ಲರೂ ಅದನ್ನು ಕತ್ತಿ ಎಂದೇ ಕರೆಯುತ್ತಿದ್ದರು. ಬೆರಳುನಡುಕದ ಓಲೆಗೆ ಹೊಂದುವ ಎಳೆಯನ್ನು ಆ ಯೀಸ್ಟಿಗೆ ಕಲಿಸಿಕೊಟ್ಟರು. ಅದು ಎಳೆಯನ್ನು ಹೊಸೆದು, ತನ್ನ ಕತ್ತಿಯಿಂದಲೇ ಕೊಚ್ಚಿ, ತುಂಡುಗಳನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ಸುತ್ತಿ ಹೊರಗೆ ಬಿಡುತ್ತಿತ್ತು. ಕುಡಿದವರ ಕರುಳು ದಾಟಿ ಆ ಗುಳ್ಳೆಗಳು ಮಿದುಳಿನವರೆಗೂ ಹೋಗುತ್ತಿದ್ದವು. ಆದರೆ ಒಂದು ದಿನಕ್ಕಿಂತ ಹೆಚ್ಚು ಉಳಿಯುತ್ತಿರಲಿಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಒಂದು ಭರಣಿ. ಸಂಜೆ ಎಳನೀರು ಹೊಯ್ದಿಡುವುದು, ಬೆಳಿಗ್ಗೆ ಒಂದು ಲೋಟ ಸೋಸಿ ಕುಡಿಯುವುದು, ತಳದಲ್ಲಿ ಉಳಿದದ್ದರ ಮೇಲೆ ಮತ್ತೆ ಎಳನೀರು. ಮೂರು ತಿಂಗಳಿಗೊಮ್ಮೆ ಭರಣಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಕೇಂದ್ರದ ಹೊಸ ಬೀಜ ಹಾಕಬೇಕು. ತಿಂಗಳಿಗೊಮ್ಮೆ ಪರೀಕ್ಷೆಗೆ ತರಬೇಕು.

ಪ್ರತೀಕ್ಷಾಳ ರಕ್ತದಲ್ಲಿ ಅಪ್ಪನ ಜೀನು ಇದೆ ಎಂದು ಗೊತ್ತಾದಾಗ ಅವಳಿಗೆ ಹತ್ತೊಂಬತ್ತು. ಭರಣಿ ಮೊದಲು ಮನೆಗೆ ಬಂದ ದಿನ ಅತ್ತೆ ಅದನ್ನು ಮುಟ್ಟಲು ಹೆದರಿದ್ದರು. ಬೆಳಿಗ್ಗೆ ಏಳಕ್ಕೇ ಮನೆ ಬಿಡುವ ಸುಗಂಧಿಗೆ ಅತ್ತೆಯ ಕೈ ಬೇಕಿತ್ತು. "ಹೆದರುವುದು ಎಂಥದಕ್ಕೆ ಅತ್ತೆ? ನಮ್ಮ ಕಳ್ಳಿನ ಹಾಗೆಯೇ ಇದು. ಜೀವ ಇರುವಂಥದ್ದು. ಮಾವನ ಮಡಕೆಯನ್ನು ನೀವು ನೋಡಿಕೊಳ್ತಿದ್ದಿರಲ್ಲ, ಹಾಗೆಯೇ ನೋಡಿಕೊಳ್ಳಿ," ಎಂದಿದ್ದಳು. ಅತ್ತೆಯ ಮುಖ ಅರಳಿತ್ತು. ಅಂದಿನಿಂದ ಭರಣಿ ಅವರದ್ದಾಯಿತು.

ಮನೆಯ ಭರಣಿಯನ್ನು ಸುಗಂಧಿ ಕೇಂದ್ರಕ್ಕೆ ತಂದಿರಲಿಲ್ಲ. ಸಿಬ್ಬಂದಿಯ ಮನೆಯದ್ದನ್ನು ಬೇರೆಯವರೇ ಪರೀಕ್ಷಿಸಬೇಕೆಂದು ನಿಯಮ. ಕೇಂದ್ರದ ಮುಖ್ಯಸ್ಥೆ ಐರಿನ್ ಮೇಡಂ ಎಷ್ಟೋ ಸಲ ನೆನಪಿಸಿದ್ದರು. ಹೊರಗೆ ಕೂತವರನ್ನು ದಾಟಿ ತನ್ನದನ್ನು ಮುಂದೆ ತಳ್ಳಲು ಅವಳಿಗೆ ಸಂಕೋಚ. ಹಾಗೆಂದು ತನಗೇ ಹೇಳಿಕೊಂಡಿದ್ದಳು. ನಿಜವೆಂದರೆ, ನಮ್ಮ ಮನೆಯದ್ದು ಕೆಡುವುದುಂಟೇ ಎಂಬ ಧೈರ್ಯ. ಅತ್ತೆಯ ಕೈಯ ಭರಣಿಯಲ್ಲಿ ಬರುವಂಥ ನೊರೆಯನ್ನು ಅವಳು ಈ ಏಳು ವರ್ಷದಲ್ಲಿ ಬೇರೆ ಯಾರ ಭರಣಿಯಲ್ಲೂ ಕಂಡಿರಲಿಲ್ಲ. "ನಮ್ಮದು ಟೆಸ್ಟ್ ಆಗ್ತಾ ಉಂಟಲ್ಲ ಅಮ್ಮ?" ಎಂದು ಮಗಳು ಕೇಳಿದಾಗೆಲ್ಲ ಒಗ್ಗರಣೆ ಹಾಕುತ್ತಲೋ ಸೆರಗು ಸಿಕ್ಕಿಸುತ್ತಲೋ "ಹೂಂ" ಎಂದಿದ್ದಳು.

ಹನ್ನೊಂದೂವರೆಗೆ ನೀಲಿ ದೀಪದ ಕೆಳಗೆ ಜೆಲ್ ಇಟ್ಟಳು. ಗುಳಿಗಳಿಂದ ಕೆಳಗಿಳಿದ ಹನ್ನೆರಡು ಓಣಿಗಳ ತಳದಲ್ಲಿ ಹನ್ನೆರಡು ಸಣ್ಣ ಹೊಳೆವ ಗೆರೆಗಳು. ಇಪ್ಪತ್ತಮೂರಕ್ಷರದ ತುಂಡುಗಳು ಹಗುರ, ಆದ್ದರಿಂದ ಎಲ್ಲಕ್ಕಿಂತ ಕೆಳಗೆ ಇಳಿದು ನಿಲ್ಲುತ್ತವೆ. ಹದಿಮೂರನೆಯ ಓಣಿಯ ತಳ ಕಪ್ಪಗಿತ್ತು. ದೀಪ ಆರಿಸಿ ಮತ್ತೆ ಹಾಕಿದಳು. ಕಪ್ಪೇ. ಮೇಲುಗಡೆ, ಎಲ್ಲರ ಓಣಿಯಲ್ಲೂ ಖಾಲಿ ಇರುವ ಕಡೆಯಲ್ಲಿ, ದಪ್ಪಗೆ ಎರಡು ಗೆರೆಗಳು ಉರಿಯುತ್ತಿದ್ದವು.

ಐರಿನ್ ಮೇಡಂ ಬಂದು ಹಿಂದೆ ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

"ಅಯ್ಯೋ ದೇವರೇ. ಇದು ಕೊಲೆಗಾರ ವೈರಸ್ಸಲ್ವಾ? ಯಾರ ಮನೆಯದ್ದು ಸುಗಂಧಿ?"

"ನಮ್ಮದು ಮೇಡಂ."

ಮೇಡಂ ಕುರ್ಚಿ ಎಳೆದು ಕೂತರು. ಸುಗಂಧಿ ನಿಂತೇ ಇದ್ದಳು. ಇಬ್ಬರಿಗೂ ವಿವರಣೆ ಬೇಕಿರಲಿಲ್ಲ. ಕಳ್ಳಿನ ಯೀಸ್ಟಿನಲ್ಲಿ, ಬೇಕರಿಯ ಯೀಸ್ಟಿನಲ್ಲಿ ಕತ್ತಿ ಇಲ್ಲ. ಯಾವುದೋ ಕಾಲದಲ್ಲಿ ಅವು ಅದನ್ನು ಕಳೆದುಕೊಂಡವು. ಕತ್ತಿ ಇಲ್ಲದ ಕಡೆ ಜೋಡಿ ಎಳೆಯ ಆರ್‌ಎನ್‌ಎ ವೈರಸ್ಸು ತಂಪಾಗಿ ಮನೆ ಮಾಡುತ್ತದೆ. ಬಾಡಿಗೆಯ ಬದಲು ತನ್ನ ಯೀಸ್ಟಿಗೆ ಒಂದು ವಿಷ ತಯಾರಿಸಲು ಕಲಿಸುತ್ತದೆ. ಆ ವಿಷ ತನ್ನವರನ್ನು ಬಿಟ್ಟು ಸುತ್ತಲಿನ ಯೀಸ್ಟನ್ನೆಲ್ಲ ಕೊಲ್ಲುತ್ತದೆ. ಕತ್ತಿ ಇಟ್ಟುಕೊಂಡ ಯೀಸ್ಟಿಗೆ ಆ ವೈರಸ್ಸಿಲ್ಲ, ಆದ್ದರಿಂದ ವಿಷ ತಡೆಯುವ ಶಕ್ತಿಯೂ ಇಲ್ಲ. ಕಳ್ಳಿನ ಒಂದು ಹನಿ ಸಾಕು. ಔಷಧಿಯ ಯೀಸ್ಟು ಸತ್ತು, ಕೊಂದದ್ದು ಅದರ ಜಾಗದಲ್ಲಿ ಬೆಳೆಯುತ್ತದೆ. ಅದೇ ಬಣ್ಣ, ಅದೇ ವಾಸನೆ. ನೊರೆ ಮಾತ್ರ ಇನ್ನೂ ಜೋರು.

"ಎಷ್ಟು ಕಾಲ ಆಗಿರಬಹುದು?" ಮೇಡಂ ಕೇಳಿದರು.

"ಗೊತ್ತಿಲ್ಲ. ನಾನು ತರಲೇ ಇಲ್ಲವಲ್ಲ."

"ಪ್ರತೀಕ್ಷಾ ಹೇಗಿದ್ದಾಳೆ?"

ಸುಗಂಧಿ ಗ್ಲೌಸ್ ಕಳಚಿ ಎಡಗೈ ಬಿಚ್ಚಿ ತೋರಿಸಿದಳು. ಮೇಡಂ ನವಿಲಿನ ಕೊರಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಮುಚ್ಚಿಕೊಂಡರು.

"ಇವತ್ತೇ ಹೊಸ ಬೀಜ ತಗೊಂಡು ಹೋಗು. ಭರಣಿಯೂ ಹೊಸತು. ಮುಂದಿನದ್ದನ್ನು ನಿಧಾನ ಮಾಡಬಹುದು. ಆದರೆ ಹೋದದ್ದು..." ಅವರು ನಿಲ್ಲಿಸಿದರು.

"ಹಿಂದೆ ಬರುವುದಿಲ್ಲ. ಗೊತ್ತು ಮೇಡಂ. ನಾನೇ ಎಷ್ಟು ಮನೆಯವರಿಗೆ ಹೇಳಿದ್ದೇನೆ."

ಹೊರಡುವಾಗ ಮೇಡಂ ಒಂದು ನಮೂನೆ ಕೊಟ್ಟರು. ಕೆಟ್ಟ ಭರಣಿಯ ವರದಿ. ಏನು ಬೆರೆಯಿತು, ಯಾವಾಗ, ಯಾರ ಕೈಯಿಂದ. "ಬೇಜಾರು ಮಾಡ್ಬೇಡ. ಮುನ್ನೂರು ಮನೆ ಉಂಟು, ಇನ್ನೊಬ್ಬರು ಇದೇ ತಪ್ಪು ಮಾಡಬಾರದು. ಕಾರಣ ಸರಿಯಾಗಿ ಬರಿ. ರೋಗಿಗೆ ಒಂದು ಪ್ರತಿ ಕೊಡಲೇಬೇಕು, ನಿನಗೆ ಗೊತ್ತುಂಟಲ್ಲ. ಮತ್ತೆ... ನಿನ್ನ ಕೈಯಿಂದ ಆದದ್ದಾದರೆ ಪರೀಕ್ಷೆಯ ಕೆಲಸ ಬಿಡಬೇಕಾಗ್ತದೆ. ಅದು ನನ್ನ ಕೈಯಲ್ಲಿಲ್ಲ."

ಬೆಂಚಿನ ಮೇಲೆ ಕುಸುಮಕ್ಕ ಇನ್ನೂ ಕೂತಿದ್ದಳು. "ಎಂಥ ಆಯ್ತು ನಮ್ಮದು?"

"ಪಾಸು ಕುಸುಮಕ್ಕ. ಫಸ್ಟ್ ಕ್ಲಾಸು."

ಮನೆಗೆ ಬಂದಾಗ ಮೂರು ಗಂಟೆ. ಅಪ್ಪಿ ಪೂಜಾರ್ತಿ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಮಗುಚುತ್ತಿದ್ದರು. ಎಪ್ಪತ್ತೆಂಟು ವರ್ಷ. ಬಗ್ಗಿದರೂ ಬೆನ್ನು ಹಲಗೆಯಂತೆ ನೇರ.

"ಇಷ್ಟು ಬೇಗ? ಕೇಂದ್ರದವರಿಗೆ ನಿನ್ನ ಮುಖ ನೋಡಿ ಸಾಕಾಯ್ತಾ?"

ಸುಗಂಧಿ ಮೆಟ್ಟಿಲ ಮೇಲೆ ಕೂತಳು. ಹತ್ತಿರದ ಒಂದು ಹಪ್ಪಳವನ್ನು ಮಗುಚಿ ಹಾಕಿದಳು, ಇನ್ನೊಂದನ್ನೂ ಮಗುಚಿದಳು. ಕೊನೆಗೆ, "ಅತ್ತೆ, ನಮ್ಮ ಭರಣಿ ಯಾವಾಗಲಾದರೂ ನೊರೆ ಬಿಡದೆ ನಿಂತದ್ದು ಉಂಟಾ?" ಎಂದಳು.

"ಓ, ಉಂಟಲ್ಲ!" ಅತ್ತೆ ಹಪ್ಪಳ ಬಿಟ್ಟು ಎದ್ದು ಬಂದು ಪಕ್ಕದಲ್ಲಿ ಕೂತರು. ಹೇಳಲು ಯಾರೂ ಕೇಳದೆ ಉಳಿದಿದ್ದ ಸಂಗತಿ ಎಂಬಂತೆ ಮುಖ ಹಿಗ್ಗಿತ್ತು. "ಹೋದ ಆಟಿ ತಿಂಗಳಲ್ಲಿ ನೀನು ಹತ್ತು ದಿನ ಹೈದರಾಬಾದಿಗೆ ಹೋದೆ ನೋಡು, ಟ್ರೈನಿಂಗು ಅಂತ. ಆ ಮಳೆ, ಆ ಚಳಿ. ಭರಣಿ ತಣ್ಣಗಾಯ್ತು. ಒಂದು ಗುಳ್ಳೆ ಇಲ್ಲ. ಎರಡು ದಿನ ಕಾದೆ. ಮೂಸಿ ನೋಡಿದೆ, ಸತ್ತ ವಾಸನೆ. ನಿನಗೆ ಫೋನು ಮಾಡುವ ಅಂದರೆ ನೀನು ಅಷ್ಟು ದೂರ, ಸುಮ್ಮನೆ ಮಂಡೆಬಿಸಿ. ಮಗುವಿಗೆ ಬೆಳಿಗ್ಗೆ ಕುಡಿಯಲಿಕ್ಕೆ ಎಂಥ ಕೊಡುವುದು?"

"ಮತ್ತೆ?"

"ಮತ್ತೆ ಎಂಥ? ನಿನ್ನ ಮಾವನ ಮಡಕೆ ಸತ್ತರೆ ನಾನು ಎಂಥ ಮಾಡ್ತಿದ್ದೆ? ಕೊಡೆ ಹಿಡಿದುಕೊಂಡು ನಾರಾಯಣನ ಗಡಂಗಿಗೆ ಹೋದೆ. ಅಲ್ಲಿದ್ದ ಗಂಡಸರೆಲ್ಲ ನೋಡಿದ್ದೇ ನೋಡಿದ್ದು, ಅಜ್ಜಿ ಕಳ್ಳು ಕುಡಿಯಲಿಕ್ಕೆ ಬಂದಳು ಅಂತ! ಒಂದು ಸಣ್ಣ ಕುಪ್ಪಿಯಲ್ಲಿ ತಂದೆ. ಒಂದು ಚಮಚ, ಹೆಚ್ಚಿಲ್ಲ. ನಾಲ್ಕು ಗಂಟೆಯಲ್ಲಿ ನೊರೆ ಎದ್ದು ಬಟ್ಟೆಯನ್ನೇ ಎತ್ತಿ ಹಾಕಿತು." ಅವರು ಕೈಯೆತ್ತಿ ನೊರೆಯ ಎತ್ತರ ತೋರಿಸಿದರು. "ಅಂದಿನಿಂದ ಒಂದು ದಿನ ಮಲಗಿಲ್ಲ ಅದು."

"ನಾನು ತಂದ ಹೊಸ ಬೀಜ?"

"ಅದನ್ನೂ ಅದರ ಮೇಲೆಯೇ ಹೊಯ್ದೆ. ಭರಣಿಯ ತಳದ ತಾಯಿಯನ್ನು ಚೆಲ್ಲುವುದುಂಟಾ? ನೀನು ಕುದಿಯುವ ನೀರು ಹಾಕು ಅಂತಿ. ನನಗೆ ಕೈ ಬರ್ಲಿಲ್ಲ ಸುಗಂಧಿ." ಅವರ ದನಿ ಇಳಿಯಿತು. "ದಾಮುವಿಗೆ ಈ ನೀರು ಸಿಗ್ಲಿಲ್ಲ. ಎರಡು ವರ್ಷ ಮೊದಲು ಬಂದಿದ್ದರೆ ಅವನು ಈಗ ಇಲ್ಲಿ ಕೂತಿರ್ತಿದ್ದ. ಇವಳ ಭರಣಿಯನ್ನೂ ಸಾಯಲಿಕ್ಕೆ ಬಿಡುವುದಾ ನಾನು?"

ಹತ್ತು ತಿಂಗಳು. ಸುಗಂಧಿ ಮನಸ್ಸಿನಲ್ಲಿ ದಿನಗಳನ್ನು ಎಣಿಸಲು ಹೋಗಿ ನಿಲ್ಲಿಸಿದಳು. ಹತ್ತು ತಿಂಗಳು ಪ್ರತಿ ಬೆಳಿಗ್ಗೆ ಈ ಮುದುಕಿ ಲೋಟ ಹಿಡಿದು ಮೊಮ್ಮಗಳ ಹಾಸಿಗೆಯ ಬಳಿ ನಿಂತು, ಕೊನೆಯ ಗುಟುಕು ಇಳಿಯುವವರೆಗೂ ಕದಲದೆ ಕುಡಿಸಿದ್ದರು.

"ಯಾಕೆ ಕೇಳಿದೆ? ಕೇಂದ್ರದವರು ಎಂಥ ಹೇಳಿದರು?"

"ಏನಿಲ್ಲ ಅತ್ತೆ. ಹೊಸ ಭರಣಿ ಕೊಟ್ಟಿದ್ದಾರೆ. ಹಳೆಯದನ್ನು ಪರೀಕ್ಷೆಗೆ ಕೊಡಬೇಕಂತೆ."

"ಯಾಕೆ, ಅಷ್ಟು ಚೆನ್ನಾಗಿ ಉಂಟಾ?"

ಸುಗಂಧಿ ಒಳಗೆ ಹೋಗಿ ಮುಖ ತೊಳೆದುಕೊಂಡಳು. ನೀರನ್ನು ಮತ್ತೆ ಮತ್ತೆ ಎರಚಿಕೊಂಡಳು.

ಪ್ರತೀಕ್ಷಾ ಐದಕ್ಕೆ ಬಂದಳು. ಮದುವೆ ಮನೆಯಿಂದ. ಚೀಲವನ್ನು ಮಂಚದ ಮೇಲೆ ಇಟ್ಟು, ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡು ಕೂತಳು.

"ಮದುಮಗಳ ಅಮ್ಮ ಕೇಳಿದ್ರು, ನಿಮಗೆ ಚಳಿಜ್ವರ ಉಂಟಾ ಅಂತ. ಹೌದು ಅಂದೆ. ಆಮೇಲೆ ಒಂದು ಕೈ ಅವಳ ಅಕ್ಕನೇ ಹಾಕಿದ್ಳು." ಬಾಗಿಲು ಮುಚ್ಚಲು ತಾಯಿಗೆ ಕಣ್ಣಲ್ಲೇ ಹೇಳಿದಳು. "ಬೆಳಿಗ್ಗೆ ಸೀಸೆ ತಗೊಂಡು ಹೋದಿಯಲ್ಲ, ಟೆಸ್ಟ್ ಆಯ್ತಾ? ಹೇಳು."

ಸುಗಂಧಿ ಹೇಳಿದಳು. ತಳದಲ್ಲಿ ಗೆರೆ ಇಲ್ಲದ್ದು, ಮೇಲೆ ಎರಡು ಗೆರೆ ಬಂದದ್ದು, ಭರಣಿಗೆ ಕಳ್ಳು ಸೇರಿದೆ ಎಂಬ ಅದರ ಅರ್ಥ. ಹತ್ತು ತಿಂಗಳು ಎಂದಳು. ಅದು ಹೇಗೆ ಗೊತ್ತು ಎಂದು ಮಗಳು ಕೇಳಲಿಲ್ಲ.

"ಪ್ರತಿ ತಿಂಗಳೂ ಹೂಂ ಅಂದಿಯಲ್ಲ ಅಮ್ಮ."

ಸುಗಂಧಿ ಮಂಚದ ಮೇಲಿನ ಚೀಲವನ್ನು ಎತ್ತಿ ಮೊಳೆಗೆ ಸಿಕ್ಕಿಸಿದಳು.

"ಎಲ್ಲರದ್ದೂ ನೋಡ್ತಿ. ಆ ಕುಸುಮಕ್ಕನ ಮಗನದ್ದೂ ನೋಡ್ತಿ." ಅವಳು ಅಳಲಿಲ್ಲ. ದನಿ ಏರಿಸಲೂ ಇಲ್ಲ. "ಕಳ್ಳು ತಾನಾಗಿ ಬಂದು ಭರಣಿಗೆ ಬೀಳುವುದಿಲ್ಲ. ಯಾರೋ ಹಾಕಿದ್ದಾರೆ. ಯಾರು ಅಂತ ಗೊತ್ತಾದರೆ ನಾನು ಅವರ ಮುಖ ನೋಡುವುದಿಲ್ಲ. ಅವರು ಯಾರೇ ಇರಲಿ. ಅವರ ಕೈಯಿಂದ ನೀರು ಸಹ ಮುಟ್ಟುವುದಿಲ್ಲ."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಜ್ಜಿ ಬಂದರು. ಬಾಳೆಲೆಯ ತುಂಡಿನಲ್ಲಿ ಸುಟ್ಟ ಹಪ್ಪಳ, ಮೇಲೊಂದಿಷ್ಟು ತೆಂಗಿನ ತುರಿ. "ಅಮ್ಮ ಮಗಳದ್ದು ಎಂಥ ಗುಟ್ಟು? ಹುಡುಗ ಗಿಡುಗ ನೋಡಿದ್ದಾ? ನನಗೂ ಸ್ವಲ್ಪ ಹೇಳಿ ಮಾರಾಯ್ರೆ. ತಗೊ ಮಗಾ, ಬಾಯಿ ತೆರೆ."

ಪ್ರತೀಕ್ಷಾ ಕೈ ಹೊರಗೆ ತೆಗೆಯಲಿಲ್ಲ. ಬಾಯಿ ತೆರೆದಳು. ಅಜ್ಜಿ ಹಪ್ಪಳ ಮುರಿದು ಮುರಿದು ಹಾಕಿದರು. ಎರಡನೆಯ ತುಂಡಿಗೆ ಹುಡುಗಿಯ ಕೆಳತುಟಿ ಅದುರಿತು. ಅಳುವೇ, ಅಥವಾ ಆ ನಡುಕವೇ, ಸುಗಂಧಿಗೆ ತಿಳಿಯಲಿಲ್ಲ. ಅತ್ತೆಯ ಎಡಗೈ ಮಾತ್ರ ತಾನಾಗಿ ಮೇಲೆದ್ದು, ದವಡೆಯ ಕೆಳಗೆ ಎಲ್ಲಿ ಒತ್ತಬೇಕೋ ಅಲ್ಲಿ ಎರಡು ಬೆರಳು ಒತ್ತಿ ಹಿಡಿಯಿತು. ತುತ್ತು ಇಳಿಯಿತು. ಅತ್ತೆ ಆ ಬೆರಳುಗಳನ್ನು ತಕ್ಷಣ ತೆಗೆಯಲಿಲ್ಲ. ಅವರ ನಗು ನಿಂತಿತ್ತು. ಮೊಮ್ಮಗಳ ಮುಖವನ್ನು ಒಂದೇ ಸಮ ನೋಡಿದರು. ಆಮೇಲೆ, "ಉಷ್ಣ ಆಗಿದೆ ಇವಳಿಗೆ. ಬಿಸಿಲಲ್ಲಿ ತಿರುಗುವುದು ಜಾಸ್ತಿ ಆಯ್ತು," ಎಂದು ಎದ್ದು ಹೋದರು. ಉಳಿದ ಹಪ್ಪಳ ಅವರ ಕೈಯಲ್ಲೇ ಇತ್ತು.

ದೀಪ ಹಚ್ಚುವ ಹೊತ್ತಿಗೆ ಸುಗಂಧಿ ಅಡುಗೆಮನೆಯ ಮೇಜಿನ ಮೇಲೆ ನಮೂನೆ ಹರಡಿಕೊಂಡು ಕೂತಳು. ಹಳೆಯ ಭರಣಿಯ ನೀರು ಒಲೆಯ ಮೇಲೆ ಕುದಿಯುತ್ತಿತ್ತು, ಒಂದು ಸೀಸೆಯಷ್ಟನ್ನು ಮಾತ್ರ ಕೇಂದ್ರಕ್ಕೆಂದು ಎತ್ತಿಟ್ಟಿದ್ದಳು. ಹೊಸ ಭರಣಿಯಲ್ಲಿ ಎಳನೀರು ಹೊಯ್ದು, ಬೀಜ ಹಾಕಿ, ಬಟ್ಟೆ ಕಟ್ಟಿಯಾಗಿತ್ತು. ಇನ್ನು ಅದನ್ನು ತಾನೇ ನೋಡಿಕೊಳ್ಳಬೇಕು. ಕೆಲಸ ಹೋದರೆ ಹೊತ್ತು ಬೇಕಾದಷ್ಟಿರುತ್ತದೆ.

ಏನು ಬೆರೆಯಿತು? ಕಳ್ಳು, ಒಂದು ಚಮಚ. ಹೊಸ ಬೀಜವನ್ನು ಹಳೆಯದರ ಮೇಲೆಯೇ ಹೊಯ್ಯಲಾಗಿದೆ. ಭರಣಿ ಸತ್ತಂತೆ ಕಂಡರೆ ಕಳ್ಳು ಹಾಕಿ ಎಬ್ಬಿಸುವ ಅಭ್ಯಾಸ ಇತರ ಮನೆಗಳಲ್ಲೂ ಇರಬಹುದು, ಎಲ್ಲರಿಗೂ ಕೂಡಲೇ ತಿಳಿಸಬೇಕು. ಇದನ್ನು ಅವಳು ದೊಡ್ಡ ಅಕ್ಷರಗಳಲ್ಲಿ ಬರೆದಳು. ಯಾವಾಗ? ಕಳೆದ ಜುಲೈ.

ಯಾರ ಕೈಯಿಂದ?

ಅತ್ತೆ ಹಿಂದೆ ಬಂದು ನಿಂತಿದ್ದರು. ಅವರಿಗೆ ಅಕ್ಷರ ಬಾರದು. "ಎಂಥ ಅದು? ಭರಣಿಯದ್ದಾ?"

"ಹೌದು ಅತ್ತೆ. ಕೇಂದ್ರಕ್ಕೆ."

"ಯಾರು ನೋಡಿಕೊಂಡದ್ದು ಅಂತ ಕೇಳ್ತಾರಾ ಅದರಲ್ಲಿ?"

"ಕೇಳ್ತಾರೆ."

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು, ಹಾಳೆಯ ಮೇಲೆ ಮೆಲ್ಲಗೆ ಒಂದು ಬೆರಳಿಟ್ಟರು. "ಹಾಗಾದರೆ ನನ್ನ ಹೆಸರು ಬರಿ. ಅಪ್ಪಿ ಪೂಜಾರ್ತಿ ಅಂತ ಪೂರ್ತಿ ಬರಿ. ಎಲ್ಲಿಯೂ ಯಾವ ಕಾಗದದಲ್ಲಿಯೂ ನನ್ನ ಹೆಸರು ಇಲ್ಲ. ಮೊಮ್ಮಗಳ ಭರಣಿಯದ್ದರಲ್ಲಿಯಾದರೂ ಇರಲಿ."

ಒಲೆಯ ಮೇಲಿನ ನೀರು ಉಕ್ಕಿ ಬಂತು. ಸುಗಂಧಿ ಎದ್ದು ಬೆಂಕಿ ಸಣ್ಣಗೆ ಮಾಡಿ ಬಂದು ಕೂತಳು. ಒಳಗಿನ ಕೋಣೆಯಲ್ಲಿ ಪ್ರತೀಕ್ಷಾಳ ಬಳೆಗಳ ಸಣ್ಣ ಸದ್ದು. ಅವಳು ಕೈ ಆಡಿಸುತ್ತಿದ್ದಾಳೋ, ಅವೇ ಸದ್ದು ಮಾಡುತ್ತಿವೆಯೋ. ಮುಂದೆ ಆ ಹುಡುಗಿಯ ದವಡೆಯ ಕೆಳಗೆ ಒತ್ತಿ ಹಿಡಿಯಲು ಅತ್ತೆಯ ಎರಡು ಬೆರಳು ಬೇಕು. ಆ ಬೆರಳುಗಳನ್ನು ಅವಳು ದೂಡಬಾರದು. ಯಾರದಾದರೂ ಮುಖ ನೋಡುವುದಿಲ್ಲ ಎಂದಿದ್ದರೆ, ಆ ಮುಖ ಬೇರೆಯದಾಗಿರಬೇಕು.

ಎಡ ಅಂಗೈಯಿಂದ ಹಾಳೆಯನ್ನು ಒತ್ತಿ ಹಿಡಿದು, ಅಲುಗಿದ ನವಿಲಿನ ಪಕ್ಕದಲ್ಲಿ, ಸುಗಂಧಿ ಬರೆದಳು. ಗುಂಡಗಿನ, ಅವಸರವಿಲ್ಲದ ಅಕ್ಷರಗಳು. ಸುಗಂಧಿ ದಾಮೋದರ ಪೂಜಾರಿ, ರೋಗಿಯ ತಾಯಿ.

"ಬರೆದೆಯಾ?" ಅತ್ತೆ ಕೇಳಿದರು.

"ಬರೆದೆ ಅತ್ತೆ."

ಅತ್ತೆ ಬಗ್ಗಿ, ಇನ್ನೂ ಹಸಿಯಾಗಿದ್ದ ಆ ಹೆಸರನ್ನು ಅಳಿಸಿ ಹೋಗದ ಹಾಗೆ ಬೆರಳು ತಾಗಿಸದೆಯೇ ನೋಡಿದರು. "ಚೆಂದ ಕಾಣ್ತದೆ," ಎಂದರು.